ಹಡಗಿಗೆ ಹೋದವನ ಲಿಂಗ

ಬಸವೇಶ್ವರನಗರದ ಜಗದಾಂಬಮ್ಮ ಬೆಳಗಿನ ಪೂಜೆಗೆ ಕೂತರೆ ಬೇಗ ಏಳುವವರಲ್ಲ. ಮೊದಲು ತಮ್ಮ ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ನೀರು, ವಿಭೂತಿ, ಪತ್ರೆ ಏರಿಸುತ್ತಾರೆ. ಅದು ಮುಗಿದ ಮೇಲೆ ಹಳೆಯ ಹಿತ್ತಾಳೆ ಕರಡಿಗೆಯಿಂದ ಇನ್ನೊಂದು ಲಿಂಗವನ್ನು ತೆಗೆದು ಅದಕ್ಕೂ ಅಷ್ಟೇ ಪೂಜೆ. ಅದು ಅವರ ಅಪ್ಪ ಕೊಟ್ರಬಸಪ್ಪನದು. ಅಪ್ಪನ ಮುಖವನ್ನು ಅವರು ನೋಡಿದವರಲ್ಲ.

ಕೊಟ್ರಬಸಪ್ಪ ಕೂಡ್ಲಿಗಿ ಕಡೆಯವನು. ಮುಂಬಯಿಯ ಹತ್ತಿ ಗಿರಣಿಗೆ ಹೋದವನು ಅಲ್ಲಿಂದ ಒಂದು ಸರಕು ಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ ಹಿಡಿದ. ಎರಡನೆಯ ಮಹಾಯುದ್ಧದ ಕಾಲ. ಹೊರಡುವ ಮುಂಚೆ ಊರಿಗೆ ಬಂದು, ಬಸುರಿ ಹೆಂಡತಿಯ ಕೈಗೆ ತನ್ನ ಲಿಂಗವನ್ನು ಕೊಟ್ಟ. ಲಿಂಗ ಕಳೆದುಕೊಂಡರೆ ಪ್ರಾಣ ಕಳೆದುಕೊಂಡಂತೆಯೇ ಎಂದು ನಂಬಿದ ಮನೆತನ ಅದು. ಅಲೆಯ ಹೊಡೆತಕ್ಕೆ ಶಿವದಾರ ಹರಿದು ಕಡಲಿಗೆ ಬಿದ್ದರೆ ಗತಿಯೇನು? "ನನ್ನ ಕೊರಳಿಗಿಂತ ನಿನ್ನ ಕೈಯಾಗೇ ಭದ್ರ" ಎಂದನಂತೆ.

ಲಿಂಗ ಭದ್ರವಾಗಿಯೇ ಉಳಿಯಿತು. ಹಡಗನ್ನು ಮಾತ್ರ ಜರ್ಮನಿಯ ಜಲಾಂತರ್ಗಾಮಿಯೊಂದು ಆಫ್ರಿಕಾದ ಕೆಳತುದಿಯ ಕಡಲಿನಲ್ಲಿ ನೀರೊಳಗಿನಿಂದ ಹೊಡೆದು ಮುಳುಗಿಸಿತು. ಅದರಲ್ಲಿದ್ದದ್ದು ಹತ್ತಿ, ಶೇಂಗಾ, ಗೋಣಿಚೀಲ. ಮೇಲಿದ್ದವರಲ್ಲಿ ಕೆಲವರು ದೋಣಿ ಹತ್ತಿದರು. ಕೆಳಗೆ ಬಾಯ್ಲರಿನ ಹತ್ತಿರ ಇದ್ದವರು ಮೇಲೆ ಬರಲೇ ಇಲ್ಲ. ಬದುಕಿ ಬಂದವನೊಬ್ಬ ಊರಿಗೆ ಬಂದು ಹಡಗಿನ ಹೆಸರನ್ನೂ ಇಷ್ಟನ್ನೂ ಹೇಳಿ ಹೋದ.

ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಅವರವರ ಲಿಂಗವನ್ನಿಟ್ಟು ಮಣ್ಣು ಮಾಡುವುದು ಇವರ ಪದ್ಧತಿ. ಕೊಟ್ರಬಸಪ್ಪನಿಗೆ ಮಣ್ಣೂ ಸಿಗಲಿಲ್ಲ, ಲಿಂಗವೂ ಜೊತೆಗೆ ಹೋಗಲಿಲ್ಲ. ಅವನ ಹೆಂಡತಿ ಬದುಕಿರುವಷ್ಟು ಕಾಲ ಅದನ್ನು ಪೂಜಿಸಿ, ಕೊನೆಗೆ ಮಗಳ ಕೈಗಿಟ್ಟು, "ನಿನ್ನ ಕಾಲಕ್ಕಾದ್ರೂ ಇದನ್ನ ಮಣ್ಣಿಗೆ ಸೇರಿಸವ್ವ" ಎಂದಿದ್ದಳು. ಜಗದಾಂಬಮ್ಮನಿಗೆ ಮದುವೆ, ಗಂಡನ ಸರ್ಕಾರಿ ನೌಕರಿ, ಊರೂರು ವರ್ಗ, ಬೆಂಗಳೂರು, ಮಕ್ಕಳ ಓದು ಎಂದು ವರ್ಷಗಳು ಉರುಳಿದವು. ಗಂಡ ಹೋದಾಗ ಅವರ ಅಂಗೈಯ ಬೆರಳುಗಳನ್ನು ಲಿಂಗದ ಸುತ್ತ ಮಡಚಿದ್ದನ್ನು ಕಣ್ಣಾರೆ ಕಂಡರು. ಆವತ್ತಿನಿಂದ ಅಪ್ಪನ ಬರಿಗೈ ಅವರನ್ನು ಬಿಡಲಿಲ್ಲ.

ಈ ವರ್ಷ ಮೊಮ್ಮಗಳು ವಚನಾ ಮೊಬೈಲಿನಲ್ಲಿ ಹುಡುಕಿ ಹುಡುಕಿ ಆ ಹಡಗನ್ನು ಹಿಡಿದಳು.

"ಅಜ್ಜಿ, ನೀನು ಹೇಳ್ತಿದ್ದ ಹೆಸರೇ ಕಣೇ. ನೋಡಿಲ್ಲಿ."

"ಟೋಪಿ ಹಾಕ್ಕೊಂಡು ನಗ್ತಾ ಇದಾನಲ್ಲ, ಇವನ್ಯಾರೇ?"

"ಸಬ್‌ಮೆರೀನ್ ಕ್ಯಾಪ್ಟನ್. ಹೊಡೆದೋನು ಇವನೇ."

"ಅಯ್ಯೋ, ಹುಡುಗ ಇದ್ದಂಗಿದಾನೆ. ನಿಮ್ಮಪ್ಪನಿಗಿಂತ ಚಿಕ್ಕೋನು. ನನ್ನಪ್ಪ ಎಲ್ಲಿ?"

ವಚನಾ ಬೆರಳಾಡಿಸುತ್ತಾ ಹೋದಳು. ಮುಳುಗಿದ ಹಡಗಿನ ದೊಡ್ಡ ಅಧಿಕಾರಿಗಳ ಹೆಸರುಗಳಿದ್ದವು. ಅವುಗಳ ಕೆಳಗೆ 'ಭಾರತೀಯ ನಾವಿಕರು' ಎಂದು ಒಂದು ಸಂಖ್ಯೆ ಇತ್ತು.

"ಹೆಸರಿಲ್ಲ ಅಜ್ಜಿ. ಎಷ್ಟು ಜನ ಅಂತ ಮಾತ್ರ ಹಾಕವ್ರೆ."

"ಇರ್ಲಿ ಬಿಡು. ಅದ್ರೊಳಗಾದ್ರೂ ಇದಾನಲ್ಲ" ಎಂದು ಜಗದಾಂಬಮ್ಮ ಮೊಬೈಲನ್ನು ಮಗುಚಿಟ್ಟರು.

ಮರುದಿನವೇ ಮಗ ಚನ್ನವೀರೇಶನನ್ನು ಕೂರಿಸಿಕೊಂಡರು. ಅಪ್ಪನ ಲಿಂಗ ಮಣ್ಣು ಸೇರಲೇಬೇಕು, ತಾನು ಕಣ್ಮುಚ್ಚುವುದರೊಳಗೆ. ಮನೆತನದ ಅಯ್ಯನವರನ್ನು ಕೇಳಿದ್ದಕ್ಕೆ ಅವರು ಒಪ್ಪಿದರು: ವಿಭೂತಿಯಲ್ಲಿ ಒಂದು ಮನುಷ್ಯಾಕಾರ ಮಾಡಿ, ಅದರ ಅಂಗೈಯಲ್ಲಿ ಲಿಂಗವನ್ನಿಟ್ಟು ಸಮಾಧಿ ಮಾಡೋಣ. ಕೆಂಗೇರಿಯ ಆಚೆ ಚನ್ನವೀರೇಶನ ಸೈಟು ಖಾಲಿ ಇತ್ತು. ಗುಂಡಿ ತೆಗೆಸುವ ಕೆಲಸವನ್ನು ಪಕ್ಕದ ಹೊಲದ ಮುನಿರಾಜುವಿಗೆ ವಹಿಸಿದ್ದಾಯಿತು.

ಅಷ್ಟರಲ್ಲಿ ಜಗದಾಂಬಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ನಿಗೆ ಒಯ್ಯುವ ಮುಂಚೆ ನರ್ಸು, "ಮೈಮೇಲೆ ಏನೂ ಇರಂಗಿಲ್ಲ ಅಜ್ಜಿ, ಬಳೆ, ದಾರ, ಎಲ್ಲಾ ತೆಗೀಬೇಕು" ಎಂದಳು. ದೀಕ್ಷೆಯಾದಂದಿನಿಂದ ಪೂಜೆಗಲ್ಲದೆ ಕೊರಳು ಬಿಟ್ಟು ಇಳಿಯದ ಲಿಂಗವನ್ನು ಮಗನ ಕೈಗೆ ಕೊಟ್ಟು, ಗೋಡೆ ಕಡೆ ಮುಖ ಮಾಡಿ ಮಲಗಿದರು.

ಚನ್ನವೀರೇಶನಿಗೆ ತಾಯಿಯೆಂದರೆ ಪ್ರಾಣ. ಅವ್ವ ಮನೆಗೆ ಬರುವಷ್ಟರಲ್ಲಿ ಏನಾದರೂ ಸಂತೋಷ ಆಗುವಂಥದ್ದು ಮಾಡಬೇಕು ಅನ್ನಿಸಿತು. ಎರಡೂ ಲಿಂಗಗಳಲ್ಲಿ ಒಳಗಿನ ಕಲ್ಲನ್ನು ಮುಚ್ಚಿದ್ದ ಕಪ್ಪು ಲೇಪ ಹಳತಾಗಿ ಬಿರುಕು ಬಿಟ್ಟಿತ್ತು. ಲೇಪ ಕಟ್ಟುವವರ ಹತ್ತಿರ ಒಯ್ದು ಎರಡಕ್ಕೂ ಹೊಸದಾಗಿ ಹಾಕಿಸಿದ. ಒಂದೇ ನಮೂನೆಯ ಎರಡು ಬೆಳ್ಳಿ ಕರಡಿಗೆಗಳನ್ನೂ ತಂದ.

ಆಸ್ಪತ್ರೆಯಿಂದ ಬಂದ ದಿನ ಎರಡನ್ನೂ ಅವ್ವನ ಮುಂದೆ ತೆರೆದಿಟ್ಟ. ನಯವಾದ ಕಪ್ಪು, ಮುಖ ಕಾಣುವಷ್ಟು ಹೊಳಪು.

ಜಗದಾಂಬಮ್ಮ ಒಂದನ್ನು ಎತ್ತಿ ಅಂಚಿನ ಸುತ್ತ ಹೆಬ್ಬೆರಳಾಡಿಸಿದರು. ಇನ್ನೊಂದನ್ನೂ ಹಾಗೆಯೇ ಸವರಿದರು. ಅಪ್ಪನ ಲಿಂಗದ ಅಂಚಿನಲ್ಲಿ ಲೇಪ ಒಂದು ಕಡೆ ಉದುರಿ ಗುಳಿಬಿದ್ದಿತ್ತು. ಆ ಗುಳಿ ಈಗ ಯಾವುದರಲ್ಲೂ ಇಲ್ಲ.

"ಇದರಾಗೆ ನಂದು ಯಾವುದಪ್ಪ?"

"ಬಲಗಡೇದು... ಅಲ್ಲ, ತಡಿಯವ್ವ, ಕೇಳ್ತೀನಿ." ಅವನು ಲೇಪದವನಿಗೆ ಫೋನು ಹಚ್ಚಿದ.

"ಎರಡೂ ಒಂದೇ ಥರ ಕಾಣ್ಬೇಕು ಅಂದಿದ್ದೇ ನೀವಲ್ವಾ ಸಾರ್? ಒಂದೇ ತಟ್ಟೇಲಿಟ್ಟು ಒಣಗಿಸಿದೀನಿ. ಯಾವುದು ಯಾರದ್ದು ಅಂತ ನೀವು ಹೇಳ್ಲೇ ಇಲ್ವಲ್ಲ."

ಅಯ್ಯನವರಿಗೂ ಫೋನು ಹೋಯಿತು. ಎಲ್ಲವನ್ನೂ ಕೇಳಿಸಿಕೊಂಡ ಅವರು, "ಬದುಕಿರೋರ ಲಿಂಗನ ಸಮಾಧಿಗೆ ಇಡೋ ಹಾಗಿಲ್ಲಪ್ಪ. ಗುರುತು ಸಿಕ್ಕದೆ ಇದ್ರೆ ನಾನಂತೂ ಕೈ ಹಚ್ಚಲ್ಲ" ಎಂದರು.

ಚನ್ನವೀರೇಶ ಅವ್ವನ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟ. "ತಪ್ಪಾಯ್ತವ್ವ. ಯಾವುದಾದ್ರೂ ಒಂದನ್ನ ಇಡೋಣ್ವಾ? ಶಿವ ಒಬ್ನೇ ಅಲ್ವಾ."

"ಶಿವ ಒಬ್ನೇ ಕಣಪ್ಪ. ನಾನೂ ನನ್ನಪ್ಪನೂ ಇಬ್ರು."

ಬೈಯೋಣವೆಂದರೆ ಬೈಯುವಂಥ ತಪ್ಪನ್ನು ಅವನೇನು ಮಾಡಿದ್ದ? ಅವರು ಅವನ ತಲೆ ಸವರಿದರು. ಎರಡನ್ನೂ ಒಂದೇ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡರು. ದಾರ ಕತ್ತನ್ನು ಒತ್ತುತ್ತಿತ್ತು.

ಮುನಿರಾಜುವಿನ ಫೋನು ಬಂತು. "ಸಾರ್, ಗುಂಡಿ ರೆಡಿ ಐತೆ. ಪೂಜೆ ಎಷ್ಟೊತ್ತಿಗೆ?"

ಚನ್ನವೀರೇಶ ಅವ್ವನನ್ನು ನೋಡಿದ. ಅವರು ತಲೆ ಎತ್ತಲಿಲ್ಲ.

"ಮುಚ್ಚಿಸ್ಬಿಡು ಅಂತ ಹೇಳು. ದನ ಗಿನ ಬಿದ್ದಾವು."

"ಮುಚ್ಚಿಬಿಡಿ ಮುನಿರಾಜು" ಎಂದ ಚನ್ನವೀರೇಶ. ಯಾಕೆ ಸಾರ್ ಎಂದು ಆ ಕಡೆಯಿಂದ ಎರಡು ಸಲ ಕೇಳಿಸಿತು.