ಮೂರಕ್ಕೆ ಚಪ್ಪಟೆ ತಲೆ ಕೊಟ್ಟ ಮಾಕೆರೆತಾ

ಬೆಳಗಿನ ಐದೂವರೆ. ದ್ವೀಪರಾಷ್ಟ್ರದ ರಾಜಧಾನಿ ಸುವಾದ ವಾಲು ಬೇ ಜೆಟ್ಟಿಯಲ್ಲಿ ಕಂಡಾವು ದ್ವೀಪದ ಹಡಗಿಗೆ ಸಿಮೆಂಟು, ತಗಡು, ಹಿಟ್ಟಿನ ಮೂಟೆ ಏರುತ್ತಿವೆ. ಎಂದಿನಂತೆ ಜಿಟಿಜಿಟಿ ಮಳೆ. ಟಿಕೆಟ್ ಕೋಣೆಯ ಸೂರಿನಡಿ, ಬೋರಲು ಹಾಕಿದ ಮೀನಿನ ಪೆಟ್ಟಿಗೆಯ ಮೇಲೆ ಕಟ್ಟಡದ ನಕ್ಷೆ ಹರಡಿಕೊಂಡು ಐವತ್ತೊಂಬತ್ತರ ಮಾಕೆರೆತಾ ತುಲೆವು ಕೂತಿದ್ದಾರೆ. ಕೈಯಲ್ಲಿ ನೀರಿಗೆ ಕರಗದ ಶಾಯಿಯ ಪೆನ್ನು. ಅಚ್ಚಾದ ಒಂದೊಂದು ಅಂಕಿಯ ಮೇಲೂ ಅದೇ ಅಂಕಿಯನ್ನು ತಮ್ಮ ಕೈಯಿಂದ ಮತ್ತೆ ಬರೆಯುತ್ತಿದ್ದಾರೆ. ಪಕ್ಕದಲ್ಲೊಂದು ಬಕೆಟ್ ಸಮುದ್ರದ ನೀರು.

ಬರೆದು ಮುಗಿದ ಹಾಳೆಯನ್ನು ಬಕೆಟ್ಟಿನಲ್ಲಿ ಅದ್ದಿ ತೆಗೆದು, ಮಾರುದೂರದಲ್ಲಿ ನಿಂತ ಬಡಗಿ ಮೇಸ್ತ್ರಿ ಆರ್ಮುಗಂ ಗೌಂಡರ್ ಮುಖಕ್ಕೆ ಹಿಡಿಯುತ್ತಾರೆ.

"ಓದು."

"ಮುನ್ನೂರು."

"ಕನ್ನಡಕ ತೆಗೆದು ಓದು."

"ಅಕ್ಕಾ, ಕನ್ನಡಕ ತೆಗೆದ್ರೆ ನೀನೇ ಕಾಣಲ್ಲ ನಂಗೆ. ಆದ್ರೂ ಅದು ಮುನ್ನೂರೇ."

ಮಾಕೆರೆತಾ ನಗುವುದಿಲ್ಲ. ಹಾಳೆಯನ್ನು ಕೊಡವಿ, ಮುಂದಿನದನ್ನು ಎತ್ತಿಕೊಳ್ಳುತ್ತಾರೆ. ಹಡಗು ಬಿಡುವ ಹೊತ್ತಿಗೆ ಹದಿನೆಂಟು ಹಾಳೆ ಮುಗಿಯಬೇಕು, ಒಂದೊಂದರಲ್ಲೂ ನೂರರ ಹತ್ತಿರ ಅಂಕಿ. ಅವರ ಸಂಸ್ಥೆ ಇದನ್ನು ನಿಷೇಧಿಸಿದೆ. ಮಂಜೂರಾದ ನಕ್ಷೆಯ ಮೇಲೆ ಯಾರೂ ಕೈಯಿಂದ ಏನನ್ನೂ ಬರೆಯಕೂಡದು, ಬರೆದರೆ ಕೆಲಸದಿಂದ ವಜಾ ಎಂಬ ಸೂಚನೆ ಅವರ ಮೇಜಿನ ಎದುರಿಗೇ ಅಂಟಿಸಿದೆ. ಪಿಂಚಣಿಗೆ ಇನ್ನು ಹನ್ನೊಂದು ತಿಂಗಳು ಬಾಕಿ.

ಲೆವುಕಾದಲ್ಲಿ ಹುಟ್ಟಿದ ಮಾಕೆರೆತಾ, ದ್ವೀಪಗಳಲ್ಲಿ ಶಾಲೆ, ಸಭಾಭವನ ಕಟ್ಟುವ ಈ ಸಂಸ್ಥೆಗೆ ನಕ್ಷೆ ಬರೆಯಲು ಸೇರಿ ಮೂವತ್ತೊಂದು ವರ್ಷ. ಕಂಪ್ಯೂಟರ್ ಬರುವ ಮೊದಲು ಅಕ್ಷರದ ಅಚ್ಚುಪಟ್ಟಿಯಿಟ್ಟು ಶಾಯಿಪೆನ್ನಿನಲ್ಲಿ ಬರೆದ ಕೈ ಅದು. ಕಂಪ್ಯೂಟರ್ ಬಂದ ಮೇಲೆ ಅದರೊಳಗಿನ ಫಾಂಟೇ ಎಲ್ಲರಿಗೂ ಸಾಕಾಯಿತು. ಒಂದು ದಿನ ಆರ್ಮುಗಂ ದ್ವೀಪದಿಂದ ನೇರವಾಗಿ ಕಚೇರಿಗೆ ಬಂದು, ಮಳೆಯಲ್ಲಿ ಕೊಳೆತ ನಕ್ಷೆಯನ್ನು ಅವರ ಮೇಜಿನ ಮೇಲೆ ಎಸೆದರಂತೆ. "ಇದ್ರಲ್ಲಿ ಯಾವ್ದು ಮೂರು, ಯಾವ್ದು ಎಂಟು ನೀನೇ ಹೇಳಕ್ಕಾ. ಹೇಳಿದ್ರೆ ಇವತ್ತಿನ ಊಟ ನಂದು." ಮಾಕೆರೆತಾಗೆ ಹೇಳಲಾಗಲಿಲ್ಲ. ದುಂಡು ತಲೆಯ ಮೂರು ಒದ್ದೆಯಾಗಿ ಶಾಯಿ ಹರಡಿದರೆ ಬಾಯಿ ಮುಚ್ಚಿಕೊಂಡು ಎಂಟಾಗುತ್ತದೆ.

ನಕ್ಷೆಯ ಸಾಫ್ಟ್‌ವೇರಿನಲ್ಲಿ ನಮ್ಮದೇ ಫಾಂಟನ್ನು ಮಾಡಿಕೊಳ್ಳಲು ದಾರಿಯಿದೆ. ಅಲ್ಲಿ ಅಕ್ಷರವನ್ನು ಚಿತ್ರವಾಗಿ ಬಿಡಿಸುವುದಿಲ್ಲ, ಸಾಲು ಸಾಲಾಗಿ ಅಪ್ಪಣೆ ಬರೆಯಬೇಕು. ಪೆನ್ನು ಇಳಿಸು, ಬಲಕ್ಕೆ ನಾಲ್ಕು ಹೆಜ್ಜೆ, ಓರೆಯಾಗಿ ಕೆಳಕ್ಕೆ ಎರಡು, ಪೆನ್ನು ಎತ್ತು. ಹೀಗೆ ತಲೆ ಚಪ್ಪಟೆಯಾದ ಮೂರು, ಸೊಂಟಕ್ಕೆ ಗೀಟಿರುವ ಏಳು, ಬಾಲ ನೆಟ್ಟಗಿರುವ ಒಂಬತ್ತು ಹುಟ್ಟಿದವು. ಮೂರೊಂದಕ್ಕೇ ಒಂಬತ್ತು ದಿನ ಹಿಡಿಯಿತು. ಅಂಕಿ ಸಿದ್ಧವಾದಾಗಲೆಲ್ಲ ಅಚ್ಚು ತೆಗೆದು, ಅದರ ಫೋಟೋಕಾಪಿ, ಕಾಪಿಯ ಕಾಪಿ, ಹೀಗೆ ಏಳು ಸಲ ತೆಗೆದು, ಕೊನೆಯದನ್ನು ಉಪ್ಪುನೀರಿನಲ್ಲಿ ಅದ್ದಿ ಬಡಗಿಗಳ ಮುಂದೆ ಹಿಡಿಯುತ್ತಿದ್ದರು. ಯಾರಾದರೂ ಒಬ್ಬ ತಡವರಿಸಿದರೂ ಮತ್ತೆ ಮೊದಲಿನಿಂದ.

"ಆಫೀಸಲ್ಲಿ ನಗ್ತಿದ್ರು. ನಕ್ಷೆಗೆ ಸ್ನಾನ ಮಾಡಿಸ್ತಾಳೆ ಇವ್ಳು ಅಂತ," ಎನ್ನುತ್ತಾರೆ. "ನಗ್ಲಿ ಬಿಡಿ. ಮಳೇಲಿ ನಿಂತು ಓದೋರು ಅವರಲ್ಲವಲ್ಲ."

ಹತ್ತೊಂಬತ್ತು ವರ್ಷ ಆ ಫಾಂಟಿನಲ್ಲಿ ಬರೆದ ನಕ್ಷೆಗಳಿಂದ ಇನ್ನೂರಕ್ಕೂ ಹೆಚ್ಚು ಕಟ್ಟಡ ಎದ್ದವು. ಒಂದೇ ಒಂದು ದೂರು ಬರಲಿಲ್ಲ, ಒಂದೇ ಒಂದು ಶಹಬ್ಬಾಸ್ ಕೂಡ.

ನಾಕೋರೊಸೌ ಹಳ್ಳಿಯ ಸಭಾಭವನದ ನಕ್ಷೆ ಪರಿಶೀಲನೆಗೆಂದು ಬ್ರಿಸ್ಬೇನಿನ ಎಂಜಿನಿಯರುಗಳಿಗೆ ಹೋಗಬೇಕಿತ್ತು. ನಕ್ಷೆಯ ಜೊತೆ ಫಾಂಟಿನ ಕಡತವೂ ಹೋಗಬೇಕು, ಇಲ್ಲದಿದ್ದರೆ ಅಲ್ಲಿನ ಕಂಪ್ಯೂಟರ್ ತನ್ನ ಹತ್ತಿರ ಇರುವ ಯಾವುದೋ ಫಾಂಟನ್ನು ತುಂಬಿಬಿಡುತ್ತದೆ. ಮಾಕೆರೆತಾ ಎರಡನ್ನೂ ಜೋಡಿಸಿ ಕೊಟ್ಟರು. ಅವರ ಮೇಲಧಿಕಾರಿ ನಕ್ಷೆಯೊಂದನ್ನೇ ಕಳಿಸಿದರು. ಬೇರೆ ಫಾಂಟು ಹಾಕಲೇ ಎಂದು ಅಲ್ಲಿನ ಕಂಪ್ಯೂಟರ್ ಒಮ್ಮೆ ಕೇಳಿತು, ಯಾರೋ ಸರಿ ಎಂದು ಒತ್ತಿದರು. ದುಂಡು ತಲೆಯ ಮೂರುಗಳ ಮೇಲೆ ಮೊಹರು ಬಿದ್ದು, ಅದೇ ಪ್ರತಿ ಅರ್ಧಕ್ಕೆ ಕುಗ್ಗಿ ನೇರವಾಗಿ ದ್ವೀಪ ಸೇರಿತು. ಆರ್ಮುಗಂ ಆಗ ಬೇರೆ ದ್ವೀಪದಲ್ಲಿದ್ದರು. ಗೋಡೆಯನ್ನು ಪಾಯಕ್ಕೆ ಬಿಗಿಯುವ ಬೋಲ್ಟುಗಳು ಮುನ್ನೂರು ಮಿಲಿಮೀಟರಿಗೊಂದು ಬೀಳಬೇಕಾದಲ್ಲಿ ಎಂಟುನೂರಕ್ಕೊಂದು ಬಿದ್ದವು.

ಮಾರ್ಚಿನ ಚಂಡಮಾರುತಕ್ಕೆ ಹಳ್ಳಿಯ ನಲವತ್ತೊಂದು ಜನ ಆ ಭವನದಲ್ಲೇ ಆಸರೆ ಪಡೆದಿದ್ದರು. ಗಾಳಿಯ ಕಡೆಯ ಗೋಡೆ ಬುಡಸಮೇತ ಕಿತ್ತು ಬಂತು. ಕೆಲೆರಾ ಎಂಬ ನಡುವಯಸ್ಸಿನ ಹೆಂಗಸಿನ ಬಲಗಾಲು ಅದರಡಿ ಸಿಕ್ಕಿ, ಕಾಲನ್ನೇ ಕಳೆದುಕೊಳ್ಳಬೇಕಾಯಿತು.

ಮುಂದಿನದನ್ನು ಹೇಳುವಾಗ ಮಾಕೆರೆತಾ ಪೆನ್ನಿನ ಮುಚ್ಚಳ ಹಾಕುತ್ತಾರೆ. ಯಾರಿಗಾದರೂ ನಮ್ಮ ಕಡೆಯಿಂದ ನೋವಾದರೆ ಯಂಗೋನಾ ಬೇರಿನ ಕಟ್ಟು ಹಿಡಿದು ಅವರ ಹೊಸ್ತಿಲಲ್ಲಿ ತಲೆತಗ್ಗಿಸಿ ಕೂರುವುದು, ತಪ್ಪು ಸ್ವಂತದ್ದಲ್ಲದಿದ್ದರೂ, ಇಲ್ಲಿಯ ರೀತಿ; ಅವರು ಕಟ್ಟನ್ನು ಮುಟ್ಟಿದರೆ ಕ್ಷಮಿಸಿದಂತೆ. ಸಂಸ್ಥೆಯಿಂದ ಯಾರೂ ಹೋಗಲಿಲ್ಲ. ವಾರ ಕಾದು ಮಾಕೆರೆತಾ ಒಬ್ಬರೇ ಹೋದರು.

"ಕೆಲೆರಾ ಗಂಡ ಕಟ್ಟನ್ನ ಮುಟ್ಟಿ ತಗೊಂಡ್ರು. ಕೆಲೆರಾ ಮಲಗಿದ್ದಲ್ಲಿಂದಾನೇ ಕೇಳಿದ್ಲು, 'ಮಾಡಿದೋರು ಬರ್ಲಿಲ್ಲ, ನೀನ್ಯಾಕಮ್ಮಾ ಬಂದೆ?' ಯಾರಾದ್ರೂ ಹೋಗ್ಬೇಕಲ್ವಾ?"

ಆ ಭೇಟಿಯೇ ಅವರ ಕುತ್ತಿಗೆಗೆ ಬಂತು. ತನಿಖಾ ವರದಿಯ ಹದಿನಾಲ್ಕನೇ ಪುಟದಲ್ಲಿ ಎರಡು ಸಾಲಿವೆ. ಅನಧಿಕೃತ ಫಾಂಟಿನ ಬಳಕೆಯೇ ಗೊಂದಲಕ್ಕೆ ಕಾರಣ ಎಂಬುದು ಮೊದಲನೆಯದು. ನಕ್ಷೆ ಬರೆದವರು ಸ್ವತಃ ಸಂತ್ರಸ್ತರ ಮನೆಗೆ ಹೋಗಿ ಕ್ಷಮೆ ಕೋರಿ ತಪ್ಪೊಪ್ಪಿಕೊಂಡಿದ್ದಾರೆ ಎಂಬುದು ಎರಡನೆಯದು. ಈ ಊರಿನಲ್ಲೇ ಹುಟ್ಟಿ, ತಮ್ಮ ಮದುವೆಯಲ್ಲೂ ಅಪ್ಪನ ಸಾವಿನಲ್ಲೂ ಯಂಗೋನಾ ಕಟ್ಟು ಹಿಡಿದು ಕೂತ ಮೇಲಧಿಕಾರಿಯೇ ಅದನ್ನು ಬರೆಸಿದ್ದು. ಅವರಿಗೆ ಅದರ ಅರ್ಥ ಗೊತ್ತಿರಲಿಲ್ಲ ಎಂದು ನಾನಂತೂ ನಂಬುವುದಿಲ್ಲ. ಅಚ್ಚಾದ ನಕ್ಷೆಯಲ್ಲಿ ಇರಲೇ ಇಲ್ಲದ ಫಾಂಟು ಅಪರಾಧಿಯಾಯಿತು, ಅದನ್ನು ಕಂಪ್ಯೂಟರುಗಳಿಂದ ಅಳಿಸಿದರು. ಕಡತ ಕಳಿಸಲು ಮರೆತವರಿಗೆ ಬಡ್ತಿ ಸಿಕ್ಕಿತು.

ಈಗ ನಾಕೋರೊಸೌ ಭವನವನ್ನು ಮತ್ತೆ ಕಟ್ಟುತ್ತಿದ್ದಾರೆ. ಹೊಸ ನಕ್ಷೆಯಲ್ಲಿರುವುದು ಅದೇ ದುಂಡು ತಲೆಯ ಮೂರು. ಇವತ್ತಿನ ಹಡಗಿನಲ್ಲಿ ಹೋಗುತ್ತಿರುವುದು ಅದೇ ನಕ್ಷೆ. ಈ ಸಲ ಕೆಲಸ ಆರ್ಮುಗಂ ಅವರದು. ಅವರಿಗೆ ಬೋಲ್ಟಿನ ಅಂತರ ಬಾಯಿಪಾಠ. ಆದರೆ ಕೆಲಸಕ್ಕಿರುವ ಹನ್ನೆರಡು ಜನರಿಗೂ ಇದರದೇ ಒಂದೊಂದು ಪ್ರತಿ ಹೋಗುತ್ತದೆ, ಅವರು ಅದನ್ನು ಅಂಗಡಿಯಲ್ಲಿ ಮತ್ತೆ ಕಾಪಿ ತೆಗೆಸುತ್ತಾರೆ, ಜೇಬಿನಲ್ಲಿ ಮಡಚಿಟ್ಟುಕೊಳ್ಳುತ್ತಾರೆ, ಮಳೆ ಹೇಗೂ ಇದೆ.

ಹಡಗು ಕೂಗುತ್ತದೆ. ಹದಿನೆಂಟನೇ ಹಾಳೆಯ ಕೊನೆಯ ಅಂಕಿ ಮುಗಿಸಿ ಮಾಕೆರೆತಾ ಸುರುಳಿ ಸುತ್ತಿ ಕೊಡುತ್ತಾರೆ. ಆರ್ಮುಗಂ ಅದನ್ನು ಅಂಗಿಯೊಳಗೆ ತೂರಿಸಿಕೊಂಡು, ಹೋಗುತ್ತಾ ಹೋಗುತ್ತಾ ಕೂಗುತ್ತಾರೆ. "ಅಕ್ಕಾ, ಮೇಸ್ತ್ರಿ ಬರ್ದಿದ್ದು ಅಂತ ಹೇಳ್ತೀನಿ. ನನ್ನನ್ನ ಯಾರು ತೆಗೀತಾರೆ ಕೆಲಸದಿಂದ?"

"ನಿನ್ನ ಕೈಬರಹ ನೋಡಿದೋರು ಯಾರೂ ನಂಬಲ್ಲ ಕಣೋ," ಎನ್ನುತ್ತಾರೆ ಇವರು. ಬೆಳಗಿನಿಂದ ಮೊದಲ ಸಲ ಮುಖದಲ್ಲಿ ನಗು.

ಅವರು ಬಕೆಟ್ಟಿನ ನೀರು ಚೆಲ್ಲುವಾಗ ನನಗೆ ಕೇಳಲೇಬೇಕೆನಿಸುತ್ತದೆ. ಇದು ನಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದರೆ ಸೋಮವಾರ ಕೆಲಸ ಹೋಗಬಹುದು, ಹೆಸರು ಬದಲಿಸಿ ಬರೆಯಲೇ ಎನ್ನುತ್ತೇನೆ. ಅವರು ಖಾಲಿ ಬಕೆಟ್ಟನ್ನು ಬೋರಲು ಹಾಕುತ್ತಾರೆ.

"ಆ ಹದಿನಾಲ್ಕನೇ ಪುಟದಲ್ಲಿ ನನ್ನ ಹೆಸರು ಹಾಕುವಾಗ ಯಾರೂ ನನ್ನ ಕೇಳ್ಲಿಲ್ಲ. ನೀವು ಕೇಳಿದ್ರಿ, ಸಂತೋಷ. ನನ್ನ ಹೆಸರೇ ಹಾಕಿ. ಏಳು ಸಲ ಫೋಟೋಕಾಪಿ ತೆಗೆದ್ರೂ ಓದೋಕೆ ಬರೋ ಹಾಗೆ ಹಾಕಿ."