ಡಾಲರಿಗೆ ಹಚ್ಚಿದ ಕುಂಕುಮ

ಶ್ರೀಲಂಕಾದ ಗಾಲೆ ಎಂಬ ಊರಿನಲ್ಲಿ ಕ್ರಿಕೆಟ್ ಮೈದಾನದ ಮಗ್ಗುಲಲ್ಲೇ ಹಳೆಯ ಕೋಟೆಯಿದೆ. ಟಿಕೆಟ್ ಕೊಳ್ಳದವರು ಅದರ ಗೋಡೆ ಹತ್ತಿ ಕುಳಿತು ಆಟ ನೋಡುತ್ತಾರೆ. ಟೀವಿಯಲ್ಲಿ ಎಷ್ಟೋ ಸಲ ಕಂಡಿದ್ದೆ. ನನಗೆ ಆಟಗಾರರಿಗಿಂತ ಆ ಗೋಡೆಯ ಜನರ ಮೇಲೇ ಕಣ್ಣು. ಬಿಸಿಲಲ್ಲಿ ಅಷ್ಟು ಹೊತ್ತು ಕೂರುತ್ತಾರಲ್ಲ, ಏನು ತಿನ್ನುತ್ತಾರೆ? ಅಷ್ಟು ದೂರಕ್ಕೆ ಚೆಂಡು ಕಾಣುತ್ತದೋ ಇಲ್ಲವೋ? ಹೋಗಿ ನೋಡಬೇಕು ಅಂತ ಮಗಳಿಗೆ ಹೇಳಿದೆ. ಮೊಮ್ಮಗಳು ಕುಣಿದಳು. ಮಗಳು ಒಂದು ವಾರ ಲೆಕ್ಕ ಹಾಕಿ, ಮೂವರೂ ಹೋಗೋಣ ಅಂದಳು.

"ವಿಮಾನದ ಖರ್ಚ ನಂದು. ಅಲ್ಲಿ ಇರೂ ಮನೀ ಬಾಡಿಗಿ ನಿಂದು. ಮನೀ ಆಕಿ ನಗದ ಕೇಳ್ಯಾಳ" ಅಂದಳು. ಮಗಳು ವಿಮಾ ಕಂಪನಿಯಲ್ಲಿದ್ದಾಳೆ. ಹೆತ್ತ ತಾಯಿಯೊಡನೆ ಮಾತಾಡಿದರೂ ಕರಾರು ಬರೆಸಿಕೊಂಡಂತೆ ಇರುತ್ತದೆ.

ನಾನೂ ಸೈ ಅಂದೆ. ನನ್ನ ಗಂಡ ಕೊಯಾಲಿಯ ರಿಫೈನರಿಯಲ್ಲಿದ್ದರು. ಅವರು ಹೋದ ಮೇಲೆ ವಡೋದರಾದ ಫತೇಗಂಜಿಗೆ ಬಂದು, ನಮ್ಮ ಕಡೆಯಿಂದ ಓದಲು ಬಂದ ಹುಡುಗರಿಗೆ ಜೋಳದ ರೊಟ್ಟಿ ಬಡಿದು ಹಾಕಿದವಳು ನಾನು. ಆ ದುಡ್ಡು ಇತ್ತು.

ಗುರುವಾರ ಮೊಮ್ಮಗಳ ಜೊತೆ ಓಣಿಯ ತುದಿಯಲ್ಲಿರುವ ನೋಟು ಬದಲಿಸುವ ಅಂಗಡಿಗೆ ಹೋದೆ. ಲಂಕಾದ ದುಡ್ಡು ಕೊಡಿ ಅಂದರೆ ಅವನ ಹತ್ತಿರ ಇಲ್ಲವಂತೆ. ಇಲ್ಲಿ ಡಾಲರು ತಗೊಳ್ಳಿ, ಅಲ್ಲಿ ಇಳಿದು ಅದನ್ನು ಬದಲಿಸಿಕೊಳ್ಳಿ ಅಂದ. ಪಕ್ಕದ ಮನೆಗೆ ಹೋಗಲು ಊರೆಲ್ಲ ಸುತ್ತಿದ ಹಾಗಾಯಿತು. ನಡುವೆ ಅಮೆರಿಕಾದವನಿಗೇನು ಕೆಲಸ ಅಂತ ಕೇಳಿದೆ. ಅಂಗಡಿಯವನು ನಕ್ಕು ಪಾಸ್‌ಪೋರ್ಟು, ಪ್ಯಾನ್ ಕಾರ್ಡು, ವಿಮಾನದ ಟಿಕೆಟ್ಟು ಕೇಳಿದ.

ಮನೆಗೆ ಬಂದು ನೋಟುಗಳನ್ನು ಚಾಪೆಯ ಮೇಲೆ ಹರವಿಕೊಂಡು ನೋಡಿದೆ. ನೂರು ಡಾಲರಿನ ನೋಟಿನ ಮೇಲೆ, ಕಿವಿಯ ಮೇಲೆ ಕೂದಲು ಇಳಿಬಿಟ್ಟ ಒಬ್ಬ ಬೋಳುತಲೆ ಮುದುಕ. ಮೊಮ್ಮಗಳು ಚಿಲ್ಲರೆಗೆ ಅಂತ ಒಂದು ಡಾಲರಿನ ನೋಟನ್ನೂ ತೆಗೆದುಕೊಂಡಿದ್ದಳು. ಅದೂ ಅಷ್ಟೇ ಉದ್ದ, ಅಷ್ಟೇ ಅಗಲ. ನಮ್ಮ ನೋಟಾದರೆ ಬಣ್ಣ ನೋಡಿ, ಅಳತೆ ಮುಟ್ಟಿ ಹೇಳಬಹುದು. ನನ್ನಂಥ ಅರ್ಧಂಬರ್ಧ ಓದಿದವರು ಆ ದೇಶದಲ್ಲಿ ಹೇಗೆ ಬದುಕುತ್ತಾರೋ. ಮೂಸಿ ನೋಡಿದೆ. ಹೊಸ ಬಟ್ಟೆಯ ವಾಸನೆ.

ಮರುದಿನ ಶುಕ್ರವಾರ. ನಮ್ಮಲ್ಲಿ ಮನೆಗೆ ಹೊಸದೇನೇ ಬರಲಿ, ಸೈಕಲ್ಲಾಗಲಿ, ಮಿಕ್ಸಿಯಾಗಲಿ, ಅರಿಶಿನ ಕುಂಕುಮ ಹಚ್ಚದೆ ಕೈಹಚ್ಚುವುದಿಲ್ಲ. ರಿಫೈನರಿಯ ಕಾಲೊನಿಯಲ್ಲಿ ಗ್ಯಾಸಿನ ಒಲೆಗೂ ಹಚ್ಚಿದ್ದೆ. ನೋಟುಗಳನ್ನು ಲಕ್ಷ್ಮಿಯ ಮುಂದಿಟ್ಟು, ಒದ್ದೆ ಬೆರಳಿನಿಂದ ಒಂದೊಂದರ ಮೂಲೆಗೂ ಅರಿಶಿನ, ಅದರ ಮೇಲೆ ಕುಂಕುಮ ಇಟ್ಟೆ. ಮುದುಕನ ಮುಖಕ್ಕೆ ತಾಗಿಸಲಿಲ್ಲ. ಅಷ್ಟು ಬುದ್ಧಿ ನನಗಿತ್ತು.

ಮೊಮ್ಮಗಳು ಕಾಲೇಜಿನಿಂದ ಬಂದವಳೇ ಕಿರುಚಿದಳು. ಅವಳ ಕನ್ನಡ ಹೆದರಿದಾಗ ಅರ್ಧ ಓಡಿಹೋಗುತ್ತದೆ. "ಅಜ್ಜಿ, ಯೇ ಕ್ಯಾ ಕಿಯಾ! ಇದು ಯಾರೂ ತಗೊಳ್ಳಲ್ಲ, ಅಜ್ಜಿ! ಒಂದು ಪೆನ್ನಿನ ಲೈನ್ ಇದ್ರೂ ವಾಪಸ್ ಕೊಡ್ತಾರೆ!"

"ಯಾಕ?"

"ಗೊತ್ತಿಲ್ಲ! ಅಷ್ಟೇ, ತಗೊಳ್ಳಲ್ಲ!"

ಯಾಕೆ ಅಂತ ಗೊತ್ತಿಲ್ಲದ ಮಾತನ್ನು ನಾನು ನಂಬುವವಳಲ್ಲ. ಆದರೂ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಕುಂಕುಮ ಹರಡಿತು. ಸಾಬೂನು ಹಚ್ಚಿದೆ. ಅರಿಶಿನಕ್ಕೆ ಸಾಬೂನು ತಾಗಿದರೆ ಕೆಂಪಾಗುತ್ತದೆ ಅಂತ ಜೀವಮಾನವೆಲ್ಲ ಬಟ್ಟೆ ಒಗೆದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗಾಬರಿಯಲ್ಲಿ ಕೈ ಕೇಳಲಿಲ್ಲ. ಮೂಲೆಯಲ್ಲಿ ಬೊಟ್ಟಿನಷ್ಟು ಇದ್ದದ್ದು ಈಗ ಅಂಗೈಯಷ್ಟು ಕೆಂಪಾಯಿತು.

ಮಗಳು ಆಫೀಸಿನಿಂದ ಬಂದು ನೋಡಿ ಚಪ್ಪಲಿಯನ್ನೂ ಬಿಡದೆ ನಿಂತಳು.

"ಅವ್ವಾ, ನೋಟಿಗೆ ಉಡಿ ತುಂಬಿ ಕಳಸೂದೊಂದು ಉಳಿದಿತ್ತು ನೋಡು."

"ಹೊಸಾದು ಮನೀಗೆ ಬಂದ್ರ ಹಚ್ಚೂದಿಲ್ಲೇನ?"

"ಹಚ್ಚಬೇಕು. ಹಚ್ಚಿ ಮನ್ಯಾಗ ಕೂಡಬೇಕು. ನಾಳೆ ಸಂಜೀ ಒಳಗ ಇವು ಬದಲಾಗಲಿಲ್ಲ ಅಂದ್ರ ನಿನ್ನ ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ. ನಾವಿಬ್ಬರು ಹೊಟೆಲಿನಾಗ ಒಂದು ಖೋಲಿ ಹಿಡೀತೀವಿ. ಮೂರನೇದವರಿಗೆ ನನ್ನ ಹತ್ರ ರೊಕ್ಕಿಲ್ಲ."

ಸೋಮವಾರ ವಿಮಾನ. ಅವಳು ಹೇಳಿದ್ದನ್ನು ಮಾಡುವವಳೇ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ.

ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಅದರ ಮುಂದೆ ಕುಳಿತಿದ್ದೆ. ಅಂಗಡಿಯವನು ನೋಟು ಮುಟ್ಟಲೂ ಇಲ್ಲ. ಅಹಮದಾಬಾದಿನ ನವರಂಗಪುರದಲ್ಲಿ ಒಬ್ಬ ಹಳೇ ಮನುಷ್ಯ ಇದ್ದಾನೆ, ಹರಿದದ್ದು, ಕಲೆಯಾದದ್ದು ಎಲ್ಲ ನೋಡುತ್ತಾನೆ ಅಂತ ಚೀಟಿಯಲ್ಲಿ ವಿಳಾಸ ಬರೆದುಕೊಟ್ಟ. ಮೊಮ್ಮಗಳನ್ನು ಎಬ್ಬಿಸಿಕೊಂಡು ರೈಲು ಹತ್ತಿದೆ. ನಿಂತುಕೊಂಡೇ ಹೋದೆವು. ಆಟೋದವನು ಎರಡು ಸಲ ತಪ್ಪು ಗಲ್ಲಿಗೆ ಒಯ್ದ.

ಆ ಮನುಷ್ಯನಿಗೆ ನನ್ನಷ್ಟೇ ವಯಸ್ಸು. ಮೇಜಿನ ಮೇಲೆ ಒಂದು ದೀಪ, ಒಂದು ಭೂತಗನ್ನಡಿ, ಪೇಪರಿನ ಮೇಲೆ ಅರ್ಧ ತಿಂದ ಖಾಖ್ರಾ ರೊಟ್ಟಿ. ನೋಟು ನೋಡಿ ಹುಬ್ಬೇರಿಸಿದ. "ಆ ಶುಂ ಕರ್ಯುಂ, ಬಾ?" ಏನು ಮಾಡಿದ್ದೀರಿ ಇದು, ಅಂತ. ಇಲ್ಲಿ ಹಿರಿಯ ಹೆಂಗಸರನ್ನು 'ಬಾ' ಅನ್ನುತ್ತಾರೆ, ನಮ್ಮಲ್ಲಿ ಅಮ್ಮ ಅಂದಂತೆ. ಮುಂದೆ ನಾವು ಮಾತಾಡಿದ್ದೆಲ್ಲ ಅರ್ಧ ಗುಜರಾತಿ, ಅರ್ಧ ಹಿಂದಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಪೂಜೆ ಮಾಡಿದೆ" ಅಂದೆ.

"ಪೂಜೆಗೆ ಸಾಬೂನು ಯಾಕೆ ಹಾಕಿದಿರಿ?"

"ಅದು ಆಮೇಲಿನ ಪೂಜೆ. ಮೊದಲು ಒಂದು ಹೇಳಿ. ನೋಟು ಹರಿದಿಲ್ಲ, ನಂಬರು ಕಾಣುತ್ತದೆ, ಮುದುಕನೂ ನೆಟ್ಟಗಿದ್ದಾನೆ. ಕೆಂಪಾದರೆ ಅದಕ್ಕೇನು ಧಾಡಿ?"

ಅವನು ಭೂತಗನ್ನಡಿ ಕೆಳಗಿಟ್ಟ. ಹೊರದೇಶದಲ್ಲಿ ಬ್ಯಾಂಕಿನ ದುಡ್ಡು ಸಾಗಿಸುವ ಪೆಟ್ಟಿಗೆಯೊಳಗೆ ಬಣ್ಣ ಇಟ್ಟಿರುತ್ತಾರಂತೆ. ಕಳ್ಳರು ಒಡೆದರೆ ಬಣ್ಣ ಚಿಮ್ಮಿ ನೋಟೆಲ್ಲ ಕೆಂಪಾಗುತ್ತದೆ. ಅದಕ್ಕೇ ಕೆಂಪು ನೋಟು ಕಂಡರೆ ಅಂಗಡಿಯವರು ಹೆದರುತ್ತಾರೆ.

ಮೂರು ದಿನದಲ್ಲಿ ನನಗೆ ಸಿಕ್ಕ ಮೊದಲ ಸರಿಯಾದ ಉತ್ತರ ಅದು. "ಅಂದರೆ ಅಲ್ಲಿ ಕೆಂಪು ಬೊಟ್ಟು ಇದ್ದರೆ ಕಳ್ಳತನದ್ದು, ಇಲ್ಲಿ ಕೆಂಪು ಬೊಟ್ಟು ಇದ್ದರೆ ಲಕ್ಷ್ಮಿ" ಅಂದೆ.

"ದೀಪಾವಳಿಗೆ ನಾನೂ ಲೆಕ್ಕದ ಪುಸ್ತಕಕ್ಕೆ ಹಚ್ಚುತ್ತೇನೆ, ಬಾ. ನೋಟಿಗೆ ಮಾತ್ರ ಹಚ್ಚುವುದಿಲ್ಲ."

ಇವನ್ನು ತೆಗೆದುಕೊಂಡು ಹೊಸ ಡಾಲರು ಕೊಡುತ್ತೇನೆ, ಆದರೆ ಹತ್ತರಲ್ಲಿ ಎರಡು ಪಾಲು ಹೋಗುತ್ತದೆ ಅಂದ. ನಾನು ಒಂದು ಪಾಲು ಅಂದೆ. ಆಗುವುದಿಲ್ಲ ಅಂದ. ಈ ನೋಟನ್ನು ನಿಮ್ಮಿಂದ ಯಾರು ಕೊಳ್ಳುತ್ತಾರೆ ಅಂತ ಕೇಳಿದೆ. ಇಂಥವನ್ನೆಲ್ಲ ಕೂಡಿಸಿ ಮುಂಬೈಗೆ ಕಳಿಸುತ್ತಾನಂತೆ, ಅಲ್ಲಿಂದ ಅವು ತಮ್ಮ ದೇಶಕ್ಕೇ ವಾಪಸು ಹೋಗುತ್ತವಂತೆ. ಎಷ್ಟು ತಿಂಗಳು ಹಿಡಿಯುತ್ತದೆ, ಹಡಗಿನಲ್ಲೋ ವಿಮಾನದಲ್ಲೋ, ಅಲ್ಲಿ ಸುಡುತ್ತಾರೋ ಹೂಳುತ್ತಾರೋ ಅಂತ ಒಂದರ ಹಿಂದೆ ಒಂದು ಕೇಳಿದೆ. ಮೊಮ್ಮಗಳು ನನ್ನ ಸೆರಗು ಎಳೆಯುತ್ತಲೇ ಇದ್ದಳು. ಕೊನೆಗೆ ಅವನೇ ಕೈಮುಗಿದ. "ಒಂದೂವರೆ ಪಾಲು. ಇನ್ನು ಪ್ರಶ್ನೆ ಬೇಡ, ಬಾ. ನನ್ನ ಚಹಾ ಆರಿಹೋಯಿತು."

ಬಾಡಿಗೆಗೆ ಕಡಿಮೆ ಬಿದ್ದದ್ದನ್ನು ಹೇಗೆ ತುಂಬಿಸುವುದು? ಬರುತ್ತಾ ರೈಲಿನಲ್ಲಿ ಮೊಮ್ಮಗಳೇ ಗಾಲೆಯ ಮನೆಯಾಕೆಗೆ ಫೋನಿನಲ್ಲಿ ಬರೆದು ಕೇಳಿದಳು: ಬೆಳಗಿನ ತಿಂಡಿ ಬೇಡ, ನಾವೇ ಮಾಡಿಕೊಂಡರೆ ಎಷ್ಟು ಬಿಡುತ್ತೀರಿ? ಆಣಂದ್ ದಾಟುವಷ್ಟರಲ್ಲಿ ಉತ್ತರ ಬಂತು. ಸರಿಹೋಯಿತು. ಮನೆಗೆ ಬಂದು ಚೀಲದಿಂದ ಎರಡು ಸೀರೆ ತೆಗೆದು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತುಂಬಿದೆ.

ಮಗಳು ಹೊಸ ನೋಟುಗಳನ್ನು ಬೆಳಕಿಗೆ ಹಿಡಿದು ನೋಡಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು. "ನಿನ್ನ ಕೈಯಾಗ ಕೊಡೂದಿಲ್ಲ." ಮೂರು ಟಿಕೆಟ್ಟುಗಳನ್ನೂ ಅದೇ ಪರ್ಸಿಗೆ ಸೇರಿಸಿದಳು.

ಕೊಲಂಬೊದಲ್ಲಿ ಇಳಿದಾಗ ಗಾಜಿನ ಹಿಂದಿನ ಹುಡುಗಿ ಡಾಲರುಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹುಡುಗಿ ದಪ್ಪನೆಯ ಒಂದು ಕಟ್ಟು ಲಂಕಾ ದುಡ್ಡು ಈಚೆ ತಳ್ಳಿದಳು. ಒಂದೊಂದು ನೋಟಿಗೂ ಒಂದೊಂದು ಹಕ್ಕಿ. ಕಾರಿನಲ್ಲಿ ಕುಳಿತ ಮೇಲೆ, ನೋಡಿ ಕೊಡುತ್ತೇನೆ ಅಂತ ಇಸಿದುಕೊಂಡು ಹಕ್ಕಿಗಳನ್ನು ತೊಡೆಯ ಮೇಲೆ ಬೇರೆ ಬೇರೆ ಜೋಡಿಸಿದೆ. ಯಾವ ಹಕ್ಕಿ ಏನು ತಿನ್ನುತ್ತದೆ ಅಂತ ಡ್ರೈವರನನ್ನು ಕೇಳಲು ಮೊಮ್ಮಗಳಿಗೆ ಹೇಳಿದೆ. ಮಗಳು ಗಾಲೆ ಮುಟ್ಟುವ ತನಕ ಕಿಟಕಿಯಾಚೆ ಸಮುದ್ರ ನೋಡಲಿಲ್ಲ. ನನ್ನ ಬೆರಳುಗಳನ್ನೇ ನೋಡುತ್ತಾ ಕುಳಿತಿದ್ದಳು.