ಸೇಡಂನಿಂದ ಬಂದ ಆಂಪ್ಲಿಫೈಯರ್

ಶಹಾಬಾದ್ ಬಿಟ್ಟಾಗಲೇ ಬಿಸಿಲು ಏರಿತ್ತು. ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟಿ ಸೇಡಂ ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಪ್ಯಾಸೆಂಜರ್ ಟಿಕೆಟ್ಟಿಗಿಂತ ವಾಡಿಯಲ್ಲಿ ತಿಂದ ಸೂಸಲಾ-ಮಿರ್ಚಿಗೇ ಹೆಚ್ಚು ಕೊಟ್ಟಿದ್ದೆ.

ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುವ ನಾನು ಅಷ್ಟು ದೂರ ಹೋದದ್ದು ಒಂದು ಪೆಟ್ಟಿಗೆಯ ದನಿ ಕೇಳಲು. ಕಾಲೇಜು ಗೆಳೆಯ, ವಕೀಲ ಶರಣು, ಪುಣೆಯ ಒಬ್ಬ ಮುದುಕರಿಂದ ಗಿಟಾರ್ ಆಂಪ್ಲಿಫೈಯರ್ ಮಾಡಿಸಿಕೊಂಡಿದ್ದ. ಒಂದೊಂದು ತಂತಿಯನ್ನೂ ಕೈಯಿಂದಲೇ ಬೆಸೆದು, ವರ್ಷಕ್ಕೆ ಒಂದೋ ಎರಡೋ ಮಾಡುವವರಂತೆ ಅವರು.

ಶರಣು ಚಿತ್ತಾಪುರದ ಕೋರ್ಟಿನಿಂದ ಇನ್ನೂ ಬಂದಿರಲಿಲ್ಲ. ಅವನ ಹೆಂಡತಿ ಕಸ್ತೂರಿ ರೊಟ್ಟಿ, ಪುಂಡಿಪಲ್ಯ ಬಡಿಸಿ, ಅವನ ಗಿಟಾರನ್ನೇ ಕೈಗಿತ್ತಳು. "ಬಾರಸ್ರಿ ಅಣ್ಣಾರ."

ಪೆಟ್ಟಿಗೆಯೊಳಗಿನ ಬಲ್ಬಿನಂಥ ಗಾಜಿನ ವಾಲ್ವುಗಳು ಕೆಂಪಗಾಗುವವರೆಗೆ ಕಾದು ಮೀಟಿದೆ. ಬೆಚ್ಚಿಬಿದ್ದೆ. ಮೆಲ್ಲಗೆ ಮುಟ್ಟಿದರೆ ಪಿಸುಗುಟ್ಟಿತು, ಒತ್ತಿದರೆ ಗಂಟಲು ಬಿಚ್ಚಿ ಹಾಡಿತು. ಆ ಕೈ ನನ್ನದೇ ಎಂದು ನಂಬಲಾಗಲಿಲ್ಲ.

"ಒಯ್ರಿ ಇದನ್ನ," ಎಂದಳು ಕಸ್ತೂರಿ.

"ಏನಂದಿ ತಂಗಿ?"

"ಮೊದಲು ದಿನಾ ಸಂಜಿಗೆ ಬಾರಸ್ತಿದ್ರು. ಇದು ಬಂದ ಮ್ಯಾಲ, 'ಇಂಥಾದ್ರಾಗ ಬಾರಸೋ ಕೈ ನಂದಲ್ಲ' ಅಂತ ಗಿಟಾರ್ ಮುಟ್ಟೇ ಇಲ್ಲ. ದಿನಾ ಇದನ್ನ ಒರಸ್ತಾರ, ಇದರ ಮುಂದ ಸುಮ್ನ ಕುಂದರ್ತಾರ. ಮನಿ ಬಿಕೋ ಅನ್ನಾಕತ್ತದ."

ಒಲ್ಲೆನೆಂದೆ. ಅವಳು ಆಟೋ ಕರೆಸಿ ಪೆಟ್ಟಿಗೆಯನ್ನು ತಾನೇ ಎತ್ತಿಟ್ಟಳು. ಎರಡನೇ ಸಲ ಒಲ್ಲೆ ಎನ್ನಲು ನನ್ನ ಆಸೆ ಬಿಡಲಿಲ್ಲ.

ವಾಪಸು ಬರುವಾಗ ಚಿತ್ತಾಪುರದಲ್ಲಿ ಗಾಡಿ ನಿಂತಿತು. ಪ್ಲಾಟ್‌ಫಾರ್ಮಿನಲ್ಲಿ, ಕರಿಕೋಟು ತೋಳಿಗೆ ಹಾಕಿಕೊಂಡು, ಸೇಡಂ ಗಾಡಿಗೆ ಕಾಯುತ್ತ ಶರಣು! ತಲೆ ತಗ್ಗಿಸಿ ಕೂತಿದ್ದರೆ ದಾಟಿಹೋಗಬಹುದಿತ್ತು. ಪೆಟ್ಟಿಗೆ ಸಮೇತ ಇಳಿದುಬಿಟ್ಟೆ.

ಅವನ ಮುಖ ಬಿಳಿಚಿತು. "ಇದು ನಂದಲ್ಲೇನೋ? ಯಾರು ಕೊಟ್ರು?"

ಕಸ್ತೂರಿ ಹೇಳಿದ್ದನ್ನೆಲ್ಲ ಹೇಳಿದೆ. ಬೈಯುತ್ತಾನೆಂದುಕೊಂಡೆ. ಅವನು ಬೆಂಚಿನ ಮೇಲೆ ಕುಸಿದು ಕೂತ.

"ನಾ ಬಾರಸೋದನ್ನ ಆಕಿ ಕೇಳ್ತಿದ್ದಳೇನು?" ಎಂದ. "ಒಂದಿನಾನೂ ಅಡಗಿಮನಿ ಬಿಟ್ಟು ಹೊರಗ ಬಂದಿಲ್ಲೋ. ನನ್ನ ಗಿಟಾರ್ ಆಕಿಗಿ ಕಿರಿಕಿರಿ ಅಂತ ತಿಳದಿದ್ದೆ."

ಅವನ ಗಾಡಿ ಬಂತು. ಪೆಟ್ಟಿಗೆಯ ಹಿಡಿಕೆಯನ್ನು ಅವನ ಕಡೆ ಚಾಚಿದೆ. ಅವನು ಮುಟ್ಟಲಿಲ್ಲ.

"ನೀನೇ ಒಯ್ಯಿ," ಎಂದು ಓಡಿ ಹತ್ತಿದ.

ಗಾಡಿ ಕದಲಿದಾಗ ಅವನು ಬಾಗಿಲಲ್ಲೇ ನಿಂತು ಫೋನ್ ಕಿವಿಗೆ ಹಿಡಿದಿದ್ದ. "ಕಸ್ತೂರಿ..." ಎಂದದ್ದು ಕೇಳಿಸಿತು. ಮುಂದಿನ ಮಾತನ್ನು ಗಾಡಿ ತನ್ನ ಜೊತೆಗೇ ಒಯ್ದಿತು.